ತೆರಿಗೆ ದಂಡ: ಕಟ್ಟುವ ಮೊದಲು ನೋಟಿಸು ಓದಿ

ಪುಷ್ಯ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಹೋದ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಸಂಬಳದಾರರು, ಪಿಂಚಣಿದಾರರು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಮಾಮೂಲಿ ಗಡುವು ಜುಲೈ 31. ಅದು ಬೀಳುವುದು ಸರಿಯಾಗಿ ಆ ಮಳೆಯ ನಡುವೆ. ಗಡುವು ಇಟ್ಟವರ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳು ಇದ್ದಂತೆ ಕಾಣುವುದಿಲ್ಲ. ಹೀಗೆ ತಡವಾದವರು, ಮರೆತವರು, ಗೊತ್ತಿಲ್ಲದೆ ತಪ್ಪಿದವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ದಂಡ ಮಾಫಿ ಆಗುತ್ತದಾ?’

ಉತ್ತರ ನೋಟಿಸಿನಲ್ಲೇ ಇರುತ್ತದೆ. ಕಾಗದ ಬಂದಾಗ ನಾವು ಮೊದಲು ನೋಡುವುದು ಕೊನೆಯ ಸಾಲಿನ ಮೊತ್ತವನ್ನು. ನೋಡಬೇಕಾದದ್ದು ಸೆಕ್ಷನ್ ಸಂಖ್ಯೆಯನ್ನು. ನಾವು ಒಟ್ಟಾಗಿ ‘ದಂಡ’ ಎನ್ನುವುದರಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ: ವಿಳಂಬ ಶುಲ್ಕ, ಬಡ್ಡಿ, ನಿಜವಾದ ದಂಡ. ಮೂರಕ್ಕೂ ಬಾಗಿಲು ಬೇರೆ. ಒಂದರ ಅರ್ಜಿಯನ್ನು ಇನ್ನೊಂದರ ಬಾಗಿಲಿಗೆ ಹಾಕಿ ವರ್ಷಗಟ್ಟಲೆ ಕಾದವರನ್ನು ನೋಡಿದ್ದೇನೆ.

(ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಿಂದಿನ ವರ್ಷಗಳ ಪ್ರಕರಣಗಳು 1961ರ ಕಾಯ್ದೆಯಂತೆಯೇ ನಡೆಯುತ್ತವೆ. ಇಲ್ಲಿರುವ ಸಂಖ್ಯೆಗಳೆಲ್ಲ ಹಳೆಯ ಕಾಯ್ದೆಯವು.)

ಮೊದಲು ಶುಲ್ಕ, ಬಡ್ಡಿ

ಸೆಕ್ಷನ್ 234ಎಫ್ ಎಂದಿದ್ದರೆ ಅದು ರಿಟರ್ನ್ಸ್ ತಡವಾದ ಶುಲ್ಕ: 5,000 ರೂಪಾಯಿ, ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ 1,000. ಇದನ್ನು ಮಾಫಿ ಮಾಡುವ ಅಧಿಕಾರ ನಿಮ್ಮ ತೆರಿಗೆ ಅಧಿಕಾರಿಗೆ ಇಲ್ಲ. ಮಳೆಯ ಕಥೆ ಇಲ್ಲಿ ನಡೆಯುವುದಿಲ್ಲ, ಕಟ್ಟಿ ಮುಗಿಸಿ. ಒಂದನ್ನು ಮಾತ್ರ ಪರೀಕ್ಷಿಸಿ: ನಿಮ್ಮ ಆದಾಯ ತೆರಿಗೆ ವಿನಾಯಿತಿ ಮಿತಿಯೊಳಗಿದ್ದು, ರಿಟರ್ನ್ಸ್ ಸಲ್ಲಿಸಲೇಬೇಕಾದ ಬೇರೆ ಕಾರಣವೂ ಇಲ್ಲದಿದ್ದರೆ ಈ ಶುಲ್ಕ ಬೀಳಬಾರದು. ಬಿದ್ದಿದ್ದರೆ ಸೆಕ್ಷನ್ 154ರಡಿ ತಿದ್ದುಪಡಿ ಕೇಳಿ.

234ಎ ಎಂದರೆ ತಡವಾದ ರಿಟರ್ನ್ಸ್ ಮೇಲಿನ ಬಡ್ಡಿ, ತಿಂಗಳಿಗೆ ಶೇ 1. ಒಂದು ದಿನ ತಡವಾದರೂ ಇಡೀ ತಿಂಗಳ ಲೆಕ್ಕ. ಕೈಮೀರಿದ ಕಾರಣದಿಂದ ತಡವಾಗಿ, ಇಲಾಖೆ ಪತ್ತೆ ಹಚ್ಚುವ ಮೊದಲೇ ನೀವಾಗಿ ರಿಟರ್ನ್ಸ್ ಸಲ್ಲಿಸಿದ್ದರೆ ಮುಖ್ಯ ಆಯುಕ್ತರು ಬಡ್ಡಿ ಬಿಡಬಹುದು ಎಂದು ಕೇಂದ್ರ ನೇರ ತೆರಿಗೆ ಮಂಡಳಿಯ 2006ರ ಜೂನ್ 26ರ ಆದೇಶ ಹೇಳುತ್ತದೆ. ಮಳೆಯ ಕಾರಣಕ್ಕೆ ಬೆಲೆ ಬರುವುದು ಇಲ್ಲಿ.

ಬೇಡಿಕೆ ನೋಟಿಸು ಬಂದು 30 ದಿನ ಕಳೆದ ಮೇಲೆ ಓಡುವ ಬಡ್ಡಿ ಇನ್ನೊಂದು, ಸೆಕ್ಷನ್ 220(2)ರದ್ದು. ಅದರ ಮಾಫಿಗೆ ಮೂರು ಷರತ್ತು: ಕಟ್ಟಿದರೆ ನಿಜಕ್ಕೂ ಕಷ್ಟವಾಗಬೇಕು, ಬಾಕಿ ಉಳಿದದ್ದು ಕೈಮೀರಿದ ಕಾರಣದಿಂದ ಆಗಿರಬೇಕು, ವಿಚಾರಣೆಗೆ ಸಹಕರಿಸಿರಬೇಕು. ಮೂರೂ ಒಟ್ಟಿಗೆ ಬೇಕು. ಆ 30 ದಿನ ಮುಗಿಯುವ ಮೊದಲೇ ಕಂತು ಕೇಳುವುದು ಇದಕ್ಕಿಂತ ಸುಲಭದ ದಾರಿ.

ದಂಡವಾದರೆ ಕಾರಣಕ್ಕೆ ಕಾಗದ ಬೇಕು

ಹೆಚ್ಚು ಗೆಲ್ಲಬಹುದಾದ ಜಾಗ ಇದು. ಸೆಕ್ಷನ್ 273ಬಿ ಪ್ರಕಾರ, ಅಲ್ಲಿ ಪಟ್ಟಿ ಮಾಡಿದ ತಪ್ಪುಗಳಿಗೆ ‘ಸಮಂಜಸ ಕಾರಣ’ ಇತ್ತೆಂದು ತೋರಿಸಿದರೆ ದಂಡ ಹಾಕುವಂತಿಲ್ಲ. ಕಾನೂನು ಅವಕಾಶ ಕೊಟ್ಟಿದೆ ಎಂಬ ಒಂದೇ ಕಾರಣಕ್ಕೆ ದಂಡ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ಕಡೆ ಪದೇ ಪದೇ ಬರುವ ಸಂಗತಿ ಕೈಸಾಲ. ಹಣ್ಣು ಕೊಯ್ಯುವ ಕಾಲ, ಶನಿವಾರ ಬಟವಾಡೆ ಮಾಡಬೇಕು, ಬ್ಯಾಂಕಿನಲ್ಲಿ ದುಡ್ಡಿಲ್ಲ. ಭಾವನಿಂದ 2 ಲಕ್ಷ ನಗದು ತಂದಿರಿ ಎನ್ನೋಣ. 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಸೆಕ್ಷನ್ 271ಡಿ ಅಡಿ ದಂಡ ಸಾಲದಷ್ಟೇ, ಅಂದರೆ 2 ಲಕ್ಷ! ಕೊಟ್ಟವರು, ಪಡೆದವರು ಇಬ್ಬರದೂ ಕೃಷಿ ಆದಾಯವಾಗಿದ್ದು ಯಾರಿಗೂ ತೆರಿಗೆ ಬೀಳುವ ಆದಾಯ ಇಲ್ಲದಿದ್ದರೆ ಈ ನಿಯಮವೇ ಅನ್ವಯಿಸದು. ಉತ್ತರದಲ್ಲಿ ಮೊದಲು ಬರೆಯಬೇಕಾದದ್ದು ಅದನ್ನು. ಹಾಗಿಲ್ಲದಿದ್ದರೆ ತುರ್ತು ಏನಿತ್ತು ಎಂಬುದನ್ನು ತೋರಿಸಬೇಕು: ಆ ವಾರದ ಬಟವಾಡೆ ಪುಸ್ತಕ, ನಿಮ್ಮ ಪಾಸ್‌ಬುಕ್ಕಿನ ಪುಟ, ಹಣದ ಮೂಲ ಹೇಳುವ ಭಾವನ ಪತ್ರ ಮತ್ತು ಅವರ ಪ್ಯಾನ್.

ಉತ್ತರ ಬರೆಯುವಾಗ ಒಂದು ನೆನಪಿಡಿ. ಈಗ ದಂಡದ ವಿಚಾರಣೆ ಹೆಚ್ಚಾಗಿ ಮುಖಾಮುಖಿಯಿಲ್ಲದೆ ನಡೆಯುತ್ತದೆ. ನಿಮ್ಮ ಪತ್ರ ಓದುವವರು ದೇಶದ ಯಾವ ಮೂಲೆಯಲ್ಲಿದ್ದಾರೋ ಗೊತ್ತಿಲ್ಲ. ಅವರಿಗೆ ಬಟವಾಡೆ ಎಂದರೇನು, ಹಣ್ಣಾದ ಕಾಫಿ ಕೂಲಿಯವರಿಗಾಗಿ ಏಕೆ ಕಾಯುವುದಿಲ್ಲ ಎಂಬುದನ್ನೂ ಎರಡು ಸಾಲಿನಲ್ಲಿ ತಿಳಿಸಬೇಕು. ‘ಅನಾರೋಗ್ಯದ ನಿಮಿತ್ತ ತಡವಾಯಿತು, ದಯವಿಟ್ಟು ಕ್ಷಮಿಸಿ’ ಎಂಬ ಪತ್ರದಿಂದ ಏನೂ ಆಗದು. ಆಸ್ಪತ್ರೆಗೆ ಸೇರಿದ ದಿನ, ಬಿಡುಗಡೆಯಾದ ದಿನ, ಗಡುವಿನ ದಿನ, ಕೊನೆಗೆ ಸಲ್ಲಿಸಿದ ದಿನ: ನಾಲ್ಕು ತಾರೀಕು, ಪ್ರತಿಯೊಂದಕ್ಕೂ ಒಂದು ಕಾಗದ. ಮಳೆಯ ಕಾರಣವಾದರೆ ಚಿಕ್ಕಮಗಳೂರಿನವರು ಮೆಸ್ಕಾಂನಿಂದ, ಹಾಸನದವರು ಸೆಸ್ಕ್‌ನಿಂದ ವಿದ್ಯುತ್ ಕಡಿತದ ಪತ್ರ ಕೇಳಿ. 2024ರ ಜುಲೈಯಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಹೆದ್ದಾರಿ ಸಂಚಾರ ನಿಂತಿತ್ತಲ್ಲ, ಅಂಥ ಸಂದರ್ಭದಲ್ಲಿ ಪತ್ರಿಕೆಯ ತುಣುಕು, ಜಿಲ್ಲಾಡಳಿತದ ಆದೇಶ ಎರಡನ್ನೂ ಲಗತ್ತಿಸಿ. ಕಾರಣ ಮುಗಿದ ಮೇಲೂ ತಿಂಗಳುಗಟ್ಟಲೆ ಸುಮ್ಮನಿದ್ದರೆ ಮಾತ್ರ ಯಾವ ಕಾಗದವೂ ಕಾಯುವುದಿಲ್ಲ.

ಆದಾಯ ಕಡಿಮೆ ತೋರಿಸಿದ್ದಕ್ಕೆ

ಸೆಕ್ಷನ್ 270ಎ ಬೇರೆ ಜಾತಿಯದು. ತೋಟದ ಕಾಫಿಯನ್ನು ಬೆಳೆದು ಹಾಗೇ ಮಾರಿದರೆ ಕೃಷಿ ಆದಾಯ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡಿಸಿ ಮಾರಿದರೆ ನಿಯಮ 7ಬಿ ಪ್ರಕಾರ ಶೇ 25 ಭಾಗ ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿದರೆ ಶೇ 40. ಹೋಂಸ್ಟೇಗೆ ಬಂದವರಿಗೆ ಸ್ವಂತ ಬ್ರ್ಯಾಂಡಿನ ಕಾಫಿಪುಡಿ ಮಾರುವ ಹುಮ್ಮಸ್ಸಿನಲ್ಲಿ ಇದನ್ನು ಮರೆತವರಿದ್ದಾರೆ. ಪತ್ತೆಯಾದರೆ ತೆರಿಗೆಯ ಜೊತೆಗೆ ಅದರ ಶೇ 50 ದಂಡ. ಬೇಕೆಂದೇ ಸುಳ್ಳು ತೋರಿಸಿದ್ದೆಂದಾದರೆ ಶೇ 200.

ಮೊದಲನೆಯದಕ್ಕೆ ಸೆಕ್ಷನ್ 270ಎಎ ಎಂಬ ದಾರಿಯಿದೆ. ನೋಟಿಸಿನ ಅವಧಿಯೊಳಗೆ ತೆರಿಗೆ, ಬಡ್ಡಿ ಪೂರ್ತಿ ಕಟ್ಟಿ, ತೆರಿಗೆ ನಿರ್ಧರಿಸಿದ ಆದೇಶ ಕೈಸೇರಿದ ತಿಂಗಳು ಮುಗಿದ ಮೇಲೆ ಒಂದು ತಿಂಗಳೊಳಗೆ ಫಾರ್ಮ್ 68 ಸಲ್ಲಿಸಿದರೆ ದಂಡ ಬಿಡಬೇಕು. ಆದರೆ ಆ ಆದೇಶದ ವಿರುದ್ಧ ಮೇಲ್ಮನವಿ ಹಾಕಿರಬಾರದು. ಸಿಟ್ಟಿನಲ್ಲಿ ಮೊದಲು ಮೇಲ್ಮನವಿ ಹಾಕಿ, ಆಮೇಲೆ ಈ ಫಾರ್ಮ್ ಹುಡುಕಿಕೊಂಡು ಬರುವವರು ಬಹಳ. ತೆರಿಗೆಯ ಲೆಕ್ಕವೇ ತಪ್ಪೆನಿಸಿದರೆ ಮೇಲ್ಮನವಿ ಸರಿ. ಲೆಕ್ಕ ಸರಿಯಿದ್ದು ದಂಡವಷ್ಟೇ ನೋಯುತ್ತಿದ್ದರೆ ಫಾರ್ಮ್ 68 ಸಾಕು.

ರಿಟರ್ನ್ಸ್ ಸಲ್ಲಿಸುವ ವರ್ಷವೇ ದಾಟಿದ್ದರೆ

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕು ಟಿಡಿಎಸ್ ಹಿಡಿದಿದೆ, ಅವರಿಗೆ ತೆರಿಗೆಯೇ ಇಲ್ಲ, ಆದರೆ ಗಡುವು ದಾಟಿದೆ ಎಂದಿಟ್ಟುಕೊಳ್ಳಿ. ಗಡುವು ದಾಟಿದ ಮೇಲೂ ಸಲ್ಲಿಸಬಹುದಾದ ಅಪ್‌ಡೇಟೆಡ್ ರಿಟರ್ನ್ಸ್‌ನಲ್ಲಿ ರೀಫಂಡ್ ಕೇಳಲು ಬರುವುದಿಲ್ಲ. ಅವರಿಗಿರುವುದು ಸೆಕ್ಷನ್ 119(2)(ಬಿ) ಅಡಿ ವಿಳಂಬ ಮನ್ನಾ. ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಆ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಮುಗಿದು 5 ವರ್ಷದವರೆಗೆ ಅರ್ಜಿ ಹಾಕಬಹುದು. 1 ಕೋಟಿವರೆಗಿನ ಮೊತ್ತವನ್ನು ಪ್ರಧಾನ ಆಯುಕ್ತರ ಹಂತದಲ್ಲೇ ತೀರ್ಮಾನಿಸುತ್ತಾರೆ. ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ಸರ್ವಿಸಸ್ ಪಟ್ಟಿಯಲ್ಲಿ ಕಂಡೊನೇಶನ್ ರಿಕ್ವೆಸ್ಟ್ ಒತ್ತಿ, ಕಾರಣದ ಪತ್ರ, ದಾಖಲೆ ಸೇರಿಸಿ. ಸಲ್ಲಿಸಿದ ರಿಟರ್ನ್ಸನ್ನು 30 ದಿನದೊಳಗೆ ಇ-ವೆರಿಫೈ ಮಾಡಲು ಮರೆತವರಿಗೂ ಅದೇ ಜಾಗ.

ಸಾಧ್ಯವಾದಷ್ಟೂ 6 ತಿಂಗಳಲ್ಲಿ ತೀರ್ಮಾನಿಸಬೇಕೆಂದು ಸುತ್ತೋಲೆಯಲ್ಲಿದೆ. ಮನ್ನಾ ಆದೇಶ ಬಂದರೆ ಕೆಲಸ ಮುಗಿದಂತಲ್ಲ: ಆದೇಶದ ಸಂಖ್ಯೆ, ದಿನಾಂಕ ನಮೂದಿಸಿ ರಿಟರ್ನ್ಸನ್ನು ಆಮೇಲೆ ಸಲ್ಲಿಸಬೇಕು. ರೀಫಂಡ್ ಬರುತ್ತದೆ, ಅದರ ಮೇಲೆ ಬಡ್ಡಿ ಬರುವುದಿಲ್ಲ.