ದೂರದರ್ಶನದ ಭಾನುವಾರದ ಕಾರ್ಟೂನ್: ಗುಜರಿ ವಿಸಿಆರ್‌ನ ಹೆಡ್‌ನಿಂದಲೇ ಸಿಗ್ನಲ್ ತೆಗೆದ ನನ್ನ ಅನುಭವ

ಎಸ್-ವಿಎಚ್‌ಎಸ್ ಡೆಕ್ (ಮೇಲ್ದರ್ಜೆಯ ವಿಸಿಆರ್) ಇಲ್ಲದೆ, ಟಿಬಿಸಿ (ಓಲಾಡೋ ಗೆರೆಗಳನ್ನು ನೆಟ್ಟಗೆ ಮಾಡೋ ಪೆಟ್ಟಿಗೆ) ಇಲ್ಲದೆ ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ನಿಂದ ನೆಟ್ಟಗಿನ ಚಿತ್ರ ತೆಗೆಯೋದು ಆಗದ ಮಾತು ಅಂದವರೇ ಹೆಚ್ಚು. ಆಗುತ್ತೆ. 1993ರ ಆಸುಪಾಸಿನಲ್ಲಿ ತುಂಬಿಸಿಟ್ಟ ಮೋಗ್ಲಿ, ಡಕ್‌ಟೇಲ್ಸ್, ಟೇಲ್‌ಸ್ಪಿನ್ ಕ್ಯಾಸೆಟ್‌ಗಳು ಈಗ ಗೆರೆ ಕುಣಿಯದೆ, ಮೇಲಂಚು ವಾಲದೆ ಓಡ್ತಿವೆ. ಹಾರ್ಡ್‌ಡಿಸ್ಕ್ ಮತ್ತು ವ್ಯರ್ಥವಾಗಿ ಹೋಗಿದ್ದು ಬಿಟ್ಟರೆ ಒಟ್ಟು ಖರ್ಚು ಹತ್ತು ಸಾವಿರ ಮುಟ್ಟಿಲ್ಲ. ಯಾರಾದರೂ ಅರವತ್ತು ಸಾವಿರದ ಪೆಟ್ಟಿಗೆ ತರಿಸಿ ಇದಕ್ಕಿಂತ ಚೆನ್ನಾಗಿ ತೆಗೆದಿದ್ದರೆ ಪಕ್ಕದಲ್ಲಿಟ್ಟು ನೋಡೋಣ.

ಕ್ಯಾಸೆಟ್‌ನಿಂದ ಏನು ಬೇಕು ಅನ್ನೋದು ಮೊದಲು ತೀರ್ಮಾನ ಆಗಬೇಕು. ಅಮೆರಿಕದ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಹೇಗೋ ನಮಗೆ ಭಾನುವಾರ ಬೆಳಿಗ್ಗೆ ಹಾಗೆ. ಆದರೆ ಈ ಕಾರ್ಟೂನ್‌ಗಳ ಮೂಲ ಚಿತ್ರ ಡಿವಿಡಿಯಲ್ಲೇ ಸಿಗುತ್ತೆ, ನಮ್ಮ ಯಾವ ಕ್ಯಾಸೆಟ್ಟೂ ಅದರ ಹತ್ತಿರ ಬರಲ್ಲ. ಆ ಡಿವಿಡಿಗಳಲ್ಲಿ ಇಲ್ಲದೆ ಕ್ಯಾಸೆಟ್‌ನಲ್ಲಿ ಉಳಿದಿರೋದು ಹಿಂದಿ ಡಬ್ಬಿಂಗು, ಮೋಗ್ಲಿಗೆ ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟ ಹಾಡು, ನಾನಾ ಪಾಟೇಕರ್ ದನಿಯ ಶೇರ್ ಖಾನ್, ನಡುವಿನ ಜಾಹೀರಾತು, 'ರುಕಾವಟ್ ಕೇ ಲಿಯೇ ಖೇದ್ ಹೈ' (ಅಡಚಣೆಗೆ ವಿಷಾದ) ಫಲಕ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಧ್ವನಿ, ಆಮೇಲೆ ನಡುವಿನ ಚೂರುಪಾರು, ಕೊನೆಗೆ ಕಾರ್ಟೂನಿನ ಚಿತ್ರ. ಇದನ್ನು ತಿರುಗುಮುರುಗು ಮಾಡಿದವರೇ ಜಾಸ್ತಿ ದುಡ್ಡು ಸುರಿಯೋದು.

ದುಡ್ಡು ಎಲ್ಲೆಲ್ಲಿ ವ್ಯರ್ಥ ಅನ್ನೋದನ್ನೂ ಹೇಳಿಬಿಡ್ತೀನಿ. ಏಳೆಂಟು ನೂರರ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ: ಸಿಂಕ್ (ಚಿತ್ರದ ತಾಳ ಕಾಯೋ ಸಂಕೇತ) ಸ್ವಲ್ಪ ಅಲುಗಿದರೂ ಫ್ರೇಮ್ ನುಂಗುತ್ತೆ, ಅರ್ಧ ಗಂಟೆಯಲ್ಲಿ ತುಟಿಗೂ ಮಾತಿಗೂ ಸಂಬಂಧ ಇರಲ್ಲ. ಅದರ ಆಟೋ ಗೇನ್ ಕತ್ತಲ ಕಾಡಿನ ದೃಶ್ಯದಲ್ಲಿ ಬೆಳಕನ್ನು ಏರಿಸಿ ಇಳಿಸಿ ಮಾಡ್ತಾನೇ ಇರುತ್ತೆ. ಹಳೇ ಡಿವಿಡಿ ರೆಕಾರ್ಡರ್ ಮೂಲಕ ಹಾಯಿಸೋ ಉಪಾಯ ಪರವಾಗಿಲ್ಲ, ಗೆರೆಗಳು ನೆಟ್ಟಗಾಗುತ್ತವೆ. ಆದರೆ ನನಗೆ ಸಿಕ್ಕಿದ್ದರ ಒಳಗಿನ ನಾಯ್ಸ್ ರಿಡಕ್ಷನ್ ಪೂರ್ತಿ ಬಂದ್ ಆಗಲಿಲ್ಲ. ಸೀರಿಯಲ್‌ಗೆ ಅದು ನಡೆಯುತ್ತೆ. ಕಾರ್ಟೂನಿಗೆ ಇಂಕಿನ ತೆಳು ಗೆರೆಯೇ ಪ್ರಾಣ, ಅದನ್ನೇ ಸವರಿ ಹಾಕುತ್ತೆ. ಅದಕ್ಕೆ ಮೂರು ಸಾವಿರ ಹೋಯ್ತು. ಅಂಗಡಿಯವರು ಕ್ಯಾಸೆಟ್‌ಗೆ ನಾನೂರೋ ಐನೂರೋ ತಗೊಂಡು ಕೊಡೋ ಫೈಲಿನ ಬಗ್ಗೆ ಹೇಳೋದೇ ಬೇಡ: ಎರಡು ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ) ಬೆರೆಸಿ 25 ಫ್ರೇಮ್, ಮೇಲಿಂದ 16:9ಕ್ಕೆ ಅಡ್ಡ ಎಳೆದ ದಪ್ಪ ಬಾಲೂ ಕರಡಿ.

ಈಗ ಕೆಲಸ ಮಾಡಿದ ದಾರಿ. ವಿಸಿಆರ್‌ನ ವೀಡಿಯೋ ಔಟ್ ಮರೆತುಬಿಡಿ. ಹೆಡ್ ಟೇಪಿನಿಂದ ಓದಿದ ಎಫ್‌ಎಂ ಸಿಗ್ನಲ್ಲನ್ನು ಪ್ರೀಆಂಪ್ (ಸಣ್ಣ ಸಿಗ್ನಲ್ ಹಿಗ್ಗಿಸೋ ಭಾಗ) ಆದ ತಕ್ಷಣ ಹೊರಗೆ ಎಳೆದು, ಹಾಗೇ ಕಂಪ್ಯೂಟರ್‌ಗೆ ಬರೆದು, ಉಳಿದಿದ್ದೆಲ್ಲ ವಿಎಚ್‌ಎಸ್-ಡಿಕೋಡ್ ಅನ್ನೋ ತಂತ್ರಾಂಶಕ್ಕೆ ಬಿಡೋದು. ಪಾಲ್ (ನಮ್ಮ ಟಿವಿ ಪದ್ಧತಿ) ವಿಎಚ್‌ಎಸ್‌ನಲ್ಲಿ ಬೆಳಕಿನ ಭಾಗ 3.8ರಿಂದ 4.8 ಮೆಗಾಹರ್ಟ್ಸ್ ನಡುವೆ ಓಡಾಡುತ್ತೆ, ಬಣ್ಣ ಕೆಳಗೆ 627 ಕಿಲೋಹರ್ಟ್ಸ್ ಹತ್ತಿರ ಕೂತಿರುತ್ತೆ. ಇವೆರಡೂ ಬಂದರೆ ಸಾಕು. ಡೆಕ್‌ನ ಟಿಬಿಸಿ, ಎಸ್-ವೀಡಿಯೋ, ಬ್ರ್ಯಾಂಡ್ ಯಾವುದೂ ಲೆಕ್ಕಕ್ಕೆ ಬರಲ್ಲ. ಹೆಡ್ ಸವೆದಿರಬಾರದು, ಟೇಪಿನ ದಾರಿ ಸರಿ ಇರಬೇಕು, ಅಷ್ಟೆ. ಗುಜರಿಯಲ್ಲಿ ಸಾವಿರದೆಂಟುನೂರು ಕೊಟ್ಟ 90ರ ದಶಕದ ಪ್ಯಾನಾಸಾನಿಕ್ ಇದಕ್ಕೆ ಸಾಕಾಯ್ತು. ಟೇಪ್ ಓಡಿಸೋ ಪಿಂಚ್ ರೋಲರ್, ಐಡ್ಲರ್ ಟೈರ್, ಬೆಲ್ಟ್ ಸೇರಿ ಇನ್ನೊಂದು ಆರುನೂರು.

ಡೆಕ್‌ಗೆ ಕ್ಯಾಸೆಟ್ ಹಾಕೋ ಮುಂಚೆ ಕಿಟಕಿಯಲ್ಲಿ ನೋಡಿ. ಟೇಪ್ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು. ಮಲೆನಾಡು, ಕರಾವಳಿಯಿಂದ ಬಂದ ಕ್ಯಾಸೆಟ್‌ಗಳಲ್ಲಿ ಅರ್ಧಕ್ಕರ್ಧ ಹೀಗೇ. ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಎರಡು ವಾರ ಇಟ್ಟರೆ ಒಣಗಿ ಉದುರೋ ಹಂತಕ್ಕೆ ಬರುತ್ತೆ. ಆಮೇಲೆ ಬೇರೆ ಕೆಟ್ಟ ಡೆಕ್ಕೊಂದರಲ್ಲಿ, ಹೆಡ್ ಡ್ರಮ್‌ಗೆ (ಹೆಡ್ ಕೂತಿರೋ ತಿರುಗೋ ಉರುಳೆ) ಟೇಪ್ ಮುಟ್ಟದ ಹಾಗೆ ಮಾಡಿಕೊಂಡು, 99% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ನೂಲು ಬಿಡದ ಬಟ್ಟೆಯ ನಡುವೆ ಎರಡು ಸಲ ಮುಂದಕ್ಕೆ, ಎರಡು ಸಲ ಹಿಂದಕ್ಕೆ. ಔಷಧದಂಗಡಿಯ 70% ಸ್ಪಿರಿಟ್ ಬೇಡ, ಅದರಲ್ಲಿರೋ ನೀರು ಟೇಪಿಗೆ ಒಳ್ಳೇದಲ್ಲ. ಮಾಸ್ಕ್ ಹಾಕಿ, ಮಹಡಿ ಮೇಲೆ ಮಾಡಿ. ಒಳ್ಳೆ ಡೆಕ್‌ಗೆ ಒಂದು ಬೂಷ್ಟಿನ ಕ್ಯಾಸೆಟ್ ಹೋದರೆ ಅದರ ಹಿಂದೆ ಹೋಗೋ ಎಲ್ಲಾ ಕ್ಯಾಸೆಟ್‌ಗೂ ಹತ್ತುತ್ತೆ. ಹೆಡ್ ಒರೆಸೋಕೆ ಬಿಳಿ ಜೆರಾಕ್ಸ್ ಕಾಗದವೇ ಸಾಕು: ಐಸೋಪ್ರೊಪೈಲ್ ಹಾಕಿದ ಕಾಗದ ಅಲುಗಿಸದೆ ಹಿಡಿದು ಡ್ರಮ್ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿದ ಹಾಗೇ.

ಸಿಗ್ನಲ್ ಎಲ್ಲಿ ಎಳೆಯೋದು? ಬೋರ್ಡ್ ಮೇಲೆ ಆರ್‌ಎಫ್ (ಹೆಡ್‌ನ ಕಚ್ಚಾ ಸಿಗ್ನಲ್), ಪಿಬಿ (ಪ್ಲೇಬ್ಯಾಕ್) ಅಥವಾ ಎನ್ವಲಪ್ (ಆ ಸಿಗ್ನಲ್‌ನ ಎತ್ತರದ ಹೊರರೇಖೆ) ಅಂತ ಗುರುತು ಮಾಡಿದ ಟೆಸ್ಟ್ ಪಾಯಿಂಟ್ ಹುಡುಕಿ, ಸರ್ವಿಸ್ ಮ್ಯಾನುಯಲ್ ಇದ್ದರೆ ಹತ್ತು ನಿಮಿಷದ ಕೆಲಸ. ಎನ್ವಲಪ್ ಅಂತ ಬರೆದಿರೋ ಕಡೆ ಕೆಲವು ಡೆಕ್‌ಗಳಲ್ಲಿ ಡಿಟೆಕ್ಟರ್ ದಾಟಿದ ಬರೀ ಡಿಸಿ (ಚಿತ್ರದ ಮಾಹಿತಿ ಇಲ್ಲದ ವೋಲ್ಟೇಜ್) ಸಿಗುತ್ತೆ, ಆಸಿಲೋಸ್ಕೋಪ್ (ತರಂಗ ತೋರಿಸೋ ಉಪಕರಣ) ಇಟ್ಟು ಖಾತ್ರಿ ಮಾಡ್ಕೊಳ್ಳಿ. ನೇರ ಕೋಆಕ್ಸಿಯಲ್ ಕೇಬಲ್ ಬೆಸುಗೆ ಹಾಕಿದರೆ 75 ಓಮ್ ಭಾರಕ್ಕೆ ಆ ಬಿಂದು ಕುಗ್ಗಿ ಡೆಕ್‌ನ ಚಿತ್ರವೇ ಮಂಜಾಗುತ್ತೆ. ಈ ದಾರಿ ಆಗಲ್ಲ ಅಂದವರಲ್ಲಿ ಬಹಳ ಜನ ಇಲ್ಲೇ ಕೈಬಿಟ್ಟಿದ್ದು. ಪರಿಹಾರ ಒಂದು ಬಿಸಿ547 ಟ್ರಾನ್ಸಿಸ್ಟರ್, ಎಮಿಟರ್ ಫಾಲೋವರ್ (ಕೇಬಲ್‌ನ ಭಾರ ತಾನು ಹೊರೋ ಸರ್ಕ್ಯೂಟ್) ಆಗಿ. ಒಳಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಬೇಸ್‌ಗೆ 10ಕೆ ರೆಸಿಸ್ಟರ್ ಎರಡು, ಎಮಿಟರ್‌ಗೆ 470 ಓಮ್, ಹೊರಗೆ ಮತ್ತೊಂದು ಕೆಪಾಸಿಟರ್ ಮತ್ತು 75 ಓಮ್, ಡೆಕ್‌ನದೇ 5 ವೋಲ್ಟ್. ಬಿಡಿಭಾಗ ಪೂರ್ತಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಐವತ್ತು ರೂಪಾಯಿಗೆ ಸಿಕ್ತು. ಟೆಸ್ಟ್ ಪಾಯಿಂಟ್‌ನಿಂದ ಟ್ರಾನ್ಸಿಸ್ಟರ್ ತನಕದ ತಂತಿ ಎರಡು ಇಂಚು ಮೀರಬಾರದು. ಮೀರಿದರೆ ಡೆಕ್‌ನ ಪವರ್ ಸಪ್ಲೈ ಗಲಾಟೆ ಎತ್ತಿಕೊಂಡು ಚಿತ್ರದಲ್ಲಿ ಓರೆ ಗೆರೆ ಹರಿದಾಡುತ್ತೆ. ನಾನು 5 ವೋಲ್ಟ್ ದಾರಿಯಲ್ಲಿ ಇನ್ನೊಂದು ಸಣ್ಣ ಭಾಗ ಹಾಕಿದ್ದೀನಿ, ಅದನ್ನು ಬರೆಯಲ್ಲ. ನಿಮ್ಮ ಡೆಕ್‌ನಲ್ಲಿ ಗೆರೆ ಕಂಡರೆ ಅದೇನಿರಬಹುದು ಅಂತ ನಿಮಗೇ ಹೊಳೆಯುತ್ತೆ.

ಬರೆಯೋಕೆ ಕೊನೆಕ್ಸೆಂಟ್ ಚಿಪ್‌ನ ಅಗ್ಗದ ಪಿಸಿಐ ಎಕ್ಸ್‌ಪ್ರೆಸ್ ಕ್ಯಾಪ್ಚರ್ ಕಾರ್ಡ್, ಲಿನಕ್ಸ್, ಕಾರ್ಡ್‌ನಿಂದ ಕಚ್ಚಾ ಸಿಗ್ನಲ್ ಬರೆಸೋ ಸಿಎಕ್ಸ್‌ಎಡಿಸಿ ಡ್ರೈವರ್. ಕಾರ್ಡ್ ಸಾಗಣೆ ಸೇರಿ ಮೂರು ಸಾವಿರದ ಹತ್ತಿರ ಬಿತ್ತು. ಸೆಕೆಂಡಿಗೆ 2.86 ಕೋಟಿ ಸ್ಯಾಂಪಲ್, 8 ಬಿಟ್. ಅಂದರೆ ಗಂಟೆಗೆ ನೂರು ಜಿಬಿ, ಮೂರು ಗಂಟೆಯ ಇ-180 ಕ್ಯಾಸೆಟ್ ಒಂದಕ್ಕೆ ಮುನ್ನೂರು ಚಿಲ್ಲರೆ. ಫ್ಲಾಕ್ (ಏನೂ ಕಳೆಯದೆ ಕುಗ್ಗಿಸೋ ಫೈಲ್ ವಿಧ) ಮಾಡಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಗೇನ್ (ಸಿಗ್ನಲ್ ಹಿಗ್ಗಿಸೋ ಮಟ್ಟ) ಇಡುವಾಗ 0ಯಿಂದ 255ರ ಅಳತೆಯಲ್ಲಿ ತರಂಗದ ತುದಿ 30ರಿಂದ 225ರ ಒಳಗೆ ಇರಲಿ. 255 ಮುಟ್ಟಿದರೆ ತರಂಗದ ತುದಿ ಕತ್ತರಿಸಿಹೋಗುತ್ತೆ, ಡಿಕೋಡ್ ಆದಮೇಲೆ ಅದಕ್ಕೆ ಮದ್ದಿಲ್ಲ. ಕಾರ್ಡಿನ ಚಿಪ್ ಬಿಸಿಯಾಗುತ್ತೆ, ಪುಟ್ಟ ಹೀಟ್‌ಸಿಂಕ್ ಅಂಟಿಸಿ.

ಇನ್ನು ಟ್ರ್ಯಾಕಿಂಗ್, ಅಂದರೆ ಟೇಪಿನಲ್ಲಿ ಬರೆದ ಟ್ರ್ಯಾಕ್ ಮೇಲೇ ಹೆಡ್ ಹಾಯೋ ಹಾಗೆ ಮಾಡೋದು. ಬೇರೆ ಮನೆಯ ಡೆಕ್‌ನಲ್ಲಿ ರೆಕಾರ್ಡ್ ಆದ ಕ್ಯಾಸೆಟ್‌ಗೆ ಗುಂಡಿ ತಿರುಗಿಸಿದರೆ ಸಾಲದು. ಸ್ಕೋಪ್‌ನಲ್ಲಿ ಎನ್ವಲಪ್ ನೋಡಿ: ಎರಡೂ ತುದಿ ಸಮವಾಗಿ, ಉದ್ದಕ್ಕೂ ಒಂದೇ ಎತ್ತರ ಇರಬೇಕು. ಎಡ ತುದಿ ಕುಸಿದಿದ್ದರೆ ಟೇಪ್ ಒಳಬರುವ ಕಡೆಯ ಗೈಡ್ (ಟೇಪಿಗೆ ದಾರಿ ತೋರೋ ಕಂಬ), ಬಲ ಕುಸಿದಿದ್ದರೆ ಹೊರಹೋಗುವ ಕಡೆಯದು. ಮಾರ್ಕರ್‌ನಲ್ಲಿ ಮೂಲ ಜಾಗ ಗುರುತು ಮಾಡಿ, ಬುಡದ ತಿರುಪು ಸಡಿಲಿಸಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತು. ಚಿತ್ರದ ಕೆಳಗೆ ಮರಳು ಉದುರಿದ ಹಾಗಿದ್ದ ಕ್ಯಾಸೆಟ್ ಇಷ್ಟರಲ್ಲೇ ನೆಟ್ಟಗಾಗುತ್ತೆ. ಕೆಲಸ ಮುಗಿದ ಮೇಲೆ ಗುರುತಿಗೆ ವಾಪಸ್ ತನ್ನಿ.

ಡಿಕೋಡ್ ನಿಧಾನ. ನನ್ನ ಹಳೇ ನಾಲ್ಕು ಕೋರ್ ಯಂತ್ರದಲ್ಲಿ ಸೆಕೆಂಡಿಗೆ ಐದು ಫ್ರೇಮ್, ಮೂರು ಗಂಟೆಯ ಕ್ಯಾಸೆಟ್‌ಗೆ ಹದಿನೈದು ಗಂಟೆ. ಹಾಕಿ ಮಲಗಿಬಿಡಿ. ಜಾಹೀರಾತು ಬಂದಾಗ ಪಾಸ್ ಗುಂಡಿ ಒತ್ತಿ ರೆಕಾರ್ಡಿಂಗ್ ತಡೆದು ಮತ್ತೆ ಬಿಟ್ಟಿರೋ ಕಡೆ ಸಿಂಕ್ ತಪ್ಪುತ್ತೆ, ಮನೆ ಡೆಕ್‌ಗಳಲ್ಲಿ ಫ್ಲೈಯಿಂಗ್ ಇರೇಸ್ ಹೆಡ್ (ಹಳೇ ರೆಕಾರ್ಡಿಂಗನ್ನು ಡ್ರಮ್ ಮೇಲಿಂದಲೇ ಅಳಿಸೋ ಹೆಡ್) ಇರಲಿಲ್ಲವಲ್ಲ, ಬಣ್ಣವೂ ಕಾಮನಬಿಲ್ಲಾಗುತ್ತೆ. ಅಂಥಲ್ಲಿ ತಂತ್ರಾಂಶದ ಫಾಲ್‌ಬ್ಯಾಕ್ ವಿಸಿಂಕ್ ಆಯ್ಕೆ ಹಾಕಿ. ಆಮೇಲೆ ಆ ಜಾಗದಲ್ಲೇ ಫೈಲ್ ತುಂಡು ಮಾಡಿ ಒಂದೊಂದನ್ನೂ ಬೇರೆಯಾಗಿ ಡಿಇಂಟರ್‌ಲೇಸ್ ಮಾಡಿ (ಫೀಲ್ಡ್‌ಗಳನ್ನು ಪೂರ್ತಿ ಫ್ರೇಮ್ ಮಾಡೋದು), ಫೀಲ್ಡ್ ಕ್ರಮ ಕೆಲವು ಸಲ ಅಲ್ಲಿ ಅದಲುಬದಲಾಗಿರುತ್ತೆ. ಡ್ರಾಪ್‌ಔಟ್ ಬಗ್ಗೆ ಒಂದು ಮಾತು: ಟೇಪಿನ ಕಾಂತೀಯ ಪದರ ಉದುರಿ ಆದ ಬಿಳಿ ಗೀರನ್ನು ತಂತ್ರಾಂಶ ಆರ್‌ಎಫ್ ಕುಸಿತ ನೋಡಿ ತಾನೇ ಹಿಡಿದು ಮುಚ್ಚುತ್ತೆ. ಆದರೆ ದೂರದರ್ಶನದ ಲೋ ಪವರ್ ಟ್ರಾನ್ಸ್‌ಮಿಟರ್‌ನ ವ್ಯಾಪ್ತಿಯ ಅಂಚಿನಲ್ಲಿದ್ದ ಊರುಗಳಲ್ಲಿ ಆಂಟೆನಾದಿಂದಲೇ ಬಂದ ಚುಕ್ಕಿ, ನೆರಳುಚಿತ್ರ ಟೇಪಿನ ಮಟ್ಟಿಗೆ ಒಳ್ಳೆ ಸಿಗ್ನಲ್ಲೇ. ಅದು ಹಾಗೇ ಉಳಿಯುತ್ತೆ. ಬೈಯಬೇಡಿ.

ಕಾರ್ಟೂನಿಗೆ ಮಾತ್ರ ಇರೋ ತಲೆನೋವು ಇನ್ನೊಂದಿದೆ. ಅಮೆರಿಕದ್ದಾಗಲಿ ಜಪಾನಿನದಾಗಲಿ, ಈ ಸರಣಿಗಳು ಎನ್‌ಟಿಎಸ್‌ಸಿ (ಸೆಕೆಂಡಿಗೆ 60 ಫೀಲ್ಡ್‌ನ ಟಿವಿ ಪದ್ಧತಿ) ದೇಶದವು. ಸೆಕೆಂಡಿಗೆ 24 ಫ್ರೇಮಿನ ಫಿಲ್ಮ್ 60 ಫೀಲ್ಡ್ ಆಗಿ, ಅದು ಮತ್ತೆ ನಮ್ಮ 50 ಫೀಲ್ಡ್‌ಗೆ ಪರಿವರ್ತನೆಯಾಗಿ ಪ್ರಸಾರವಾಗಿದ್ದರೆ ಪ್ರತಿ ಮೂರ್ನಾಲ್ಕು ಫೀಲ್ಡ್‌ಗೆ ಒಂದರಲ್ಲಿ ಎರಡು ಚಿತ್ರ ಬೆರೆತಿರುತ್ತೆ, ಬಾಲೂಗೆ ಎರಡು ಮೂಗು. ಮೊದಲು ಕ್ಯೂಟಿಜಿಎಂಸಿ (ಡಿಇಂಟರ್‌ಲೇಸ್ ಫಿಲ್ಟರ್) ಹಾಕಿ ಸೆಕೆಂಡಿಗೆ 50 ಪೂರ್ತಿ ಫ್ರೇಮ್, ಆಮೇಲೆ ಎಸ್‌ರಿಸ್ಟೋರ್ (ಬೆರೆತದ್ದು ಬಿಟ್ಟು ಶುದ್ಧ ಚಿತ್ರ ಆರಿಸೋ ಫಿಲ್ಟರ್) ಹಾಕಿ 23.976, ಎನ್‌ಟಿಎಸ್‌ಸಿಯಲ್ಲಿ 24 ಅಂದರೆ ಇದೇ. ಚಿತ್ರಕಾರರು ಬಹುತೇಕ ಎರಡೆರಡು ಫ್ರೇಮಿಗೆ ಒಂದೇ ಚಿತ್ರ ಬರೆದಿರೋದರಿಂದ ಶುದ್ಧ ಫೀಲ್ಡ್ ಸಿಗೋ ಅವಕಾಶ ಜಾಸ್ತಿ, ಅದಕ್ಕೇ ಮನುಷ್ಯರ ಚಿತ್ರಕ್ಕಿಂತ ಕಾರ್ಟೂನಿನಲ್ಲಿ ಇದು ಚೆನ್ನಾಗಿ ಕೂರುತ್ತೆ. ಹಿನ್ನೆಲೆ ಪಕ್ಕಕ್ಕೆ ಜಾರೋ ದೃಶ್ಯದಲ್ಲಿ ಮಾತ್ರ ತಡವರಿಸುತ್ತೆ. ಅಲ್ಲಿ ನಾನು ಮಾಡೋದು ಬೇರೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಜಾಹೀರಾತುಗಳಿಗೆ ಎಸ್‌ರಿಸ್ಟೋರ್ ಹಾಕಬೇಡಿ, ಅವು ನಮ್ಮ ಪಾಲ್‌ನಲ್ಲೇ ತಯಾರಾದವು, 50ರಲ್ಲೇ ಬಿಡಿ.

ಧ್ವನಿಗೆ ಎರಡನೇ ಕಾರ್ಡ್ ಬೇಕಾಗಿಲ್ಲ. ನಮ್ಮ ಕಡೆಯ ಮನೆ ಡೆಕ್‌ಗಳು ಬಹುಪಾಲು ಮಾನೋ, ಹೈಫೈ (ತಿರುಗೋ ಡ್ರಮ್‌ನ ಹೆಡ್ ಬರೆಯೋ ಸ್ಟೀರಿಯೋ ಧ್ವನಿ) ಟ್ರ್ಯಾಕೇ ಇಲ್ಲ. ಲೈನ್ ಔಟ್‌ನಿಂದ ಒಳ್ಳೆ ಸೌಂಡ್ ಕಾರ್ಡ್‌ಗೆ 48 ಕಿಲೋಹರ್ಟ್ಸ್, 24 ಬಿಟ್. ಆದರೆ ಆಡಿಯೋ ಹೆಡ್‌ನ ಅಜಿಮತ್ (ಹೆಡ್ ವಾಲಿರೋ ಕೋನ) ತಿರುಪು ಒಂದನ್ನೇ, ಬೇರೆ ಯಾವುದನ್ನೂ ಅಲ್ಲ, 'ಸ' ಅಕ್ಷರ ಸ್ಫುಟವಾಗಿ ಕೇಳೋ ತನಕ ಕೂದಲೆಳೆಯಷ್ಟು ತಿರುಗಿಸಿ. ಮಂಕಾಗಿದ್ದ ಡಬ್ಬಿಂಗು ತಟ್ಟನೆ ಬಾಯಿ ಬಿಡುತ್ತೆ, ಯಾವ ಫಿಲ್ಟರ್‌ನಿಂದಲೂ ಇದು ಸಿಗಲ್ಲ. ಡಿಕೋಡ್ ಆದ ಚಿತ್ರಕ್ಕೂ ಇದಕ್ಕೂ ಗಂಟೆಗೆ ಅರ್ಧ ಸೆಕೆಂಡ್ ಆಚೀಚೆ ಬರುತ್ತೆ. ಮೊದಲ ಮತ್ತು ಕೊನೆಯ ದೃಶ್ಯ ಬದಲಾವಣೆ ಹಿಡಿದು ಧ್ವನಿ ತಿದ್ದೋ ತಂತ್ರಾಂಶ ಅಡಾಸಿಟಿಯಲ್ಲಿ ಎಳೆದರೆ ಮುಗೀತು.

ಇದೇ ಧ್ವನಿಯನ್ನು ಡಿವಿಡಿ ಚಿತ್ರದ ಮೇಲೆ ಕೂರಿಸಿದ್ದು ಪಕ್ಕದ ಪ್ರಯೋಗ, ಎಲ್ಲಕ್ಕಿಂತ ಮಜಾ ಕೊಟ್ಟಿದ್ದೂ ಅದೇ. ಕ್ಯಾಸೆಟ್‌ನಲ್ಲಿ ಬೆರೆತ ಫೀಲ್ಡ್ ಕಂಡರೆ ವೇಗ ಮೂಲದ್ದೇ, ಅಮೆರಿಕದ ಡಿವಿಡಿಗೆ ಹಾಗೇ ಹೊಂದುತ್ತೆ. ಬೆರಕೆ ಇಲ್ಲದೆ ಶುದ್ಧ 25 ಇದ್ದರೆ ಅದು ಶೇಕಡಾ 4 ಜೋರಾಗಿ ಓಡಿಸಿದ್ದು: 22 ನಿಮಿಷದ ಕಂತು ಐವತ್ತು ಸೆಕೆಂಡ್ ಚಿಲ್ಲರೆ ಬೇಗ ಮುಗಿಯುತ್ತೆ, ದನಿ ಮುಕ್ಕಾಲು ಸೆಮಿಟೋನ್ ಹತ್ತಿರ ಏರಿರುತ್ತೆ. ಆಗ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸಬೇಕು. ವೇಗ ಮಾತ್ರ ಇಳಿಸಿದರೆ ಪಾತ್ರಗಳು ಹೀಲಿಯಂ ಕುಡಿದ ಹಾಗೇ ಮಾತಾಡ್ತವೆ.

ಎಐ ಅಪ್‌ಸ್ಕೇಲ್ (ಚಿತ್ರ ಹಿಗ್ಗಿಸೋದು) ಕೂಡ ನೋಡಿದೆ. ದೊಡ್ಡ ಮುಖಗಳಿಗೆ ಚೆಂದ, ದೂರದ ಮುಖಕ್ಕೆ ಇಲ್ಲದ ಕಣ್ಣು ಬರೆಯುತ್ತೆ, ಹಿನ್ನೆಲೆಯ ಜಲವರ್ಣದ ಎಲೆಗಳನ್ನು ಪ್ಲಾಸ್ಟಿಕ್ ಮಾಡುತ್ತೆ. ಕ್ಯಾಸೆಟ್ ಮಾಲೀಕರಿಗೆ ಕೊಡೋ ಪ್ರತಿಗೆ ಸಿಆರ್‌ಎಫ್ (ಗುಣಮಟ್ಟದ ಮಟ್ಟ) 17ರ ಎಚ್.264 ವೀಡಿಯೋ, 4:3, ಕೆಳಗಿನ ಹೆಡ್ ಸ್ವಿಚಿಂಗ್ ಪಟ್ಟಿಯನ್ನು (ಒಂದು ಹೆಡ್‌ನಿಂದ ಇನ್ನೊಂದಕ್ಕೆ ಹೊರಳುವಾಗಿನ ಕಲಕು) ಕತ್ತರಿಸದೆ ಕಪ್ಪು ಮುಚ್ಚಿ. ಇಟ್ಟುಕೊಳ್ಳೋಕೆ ಆರ್‌ಎಫ್ ಫ್ಲಾಕೇ, ಎರಡು ಡಿಸ್ಕ್‌ನಲ್ಲಿ. ತಂತ್ರಾಂಶ ಸುಧಾರಿಸಿದ ಹಾಗೆ ಅದೇ ಫೈಲನ್ನು ಮತ್ತೆ ಡಿಕೋಡ್ ಮಾಡಬಹುದು, ಟೇಪ್ ಮತ್ತೆ ಓಡಿಸಬೇಕಾಗಿಲ್ಲ.

ಉಳಿದಿರೋದು ಎಲ್‌ಪಿಯಲ್ಲಿ (ಲಾಂಗ್ ಪ್ಲೇ, ಅರ್ಧ ವೇಗ) ರೆಕಾರ್ಡ್ ಆದವು. ಒಂದು ಕ್ಯಾಸೆಟ್‌ಗೆ ಆರು ಗಂಟೆ ತುಂಬೋ ಆಸೆಗೆ ಹಾಗೆ ಮಾಡ್ತಿದ್ದರು. ಟ್ರ್ಯಾಕ್ ಅಗಲ ಅರ್ಧ, ಎಸ್‌ಪಿಯ (ಸ್ಟ್ಯಾಂಡರ್ಡ್ ಪ್ಲೇ, ಮಾಮೂಲಿ ವೇಗ) ಅಗಲವಾದ ಹೆಡ್ ಪಕ್ಕದ ಟ್ರ್ಯಾಕನ್ನೂ ಓದುತ್ತೆ, ಬಣ್ಣದಲ್ಲಿ ಗದ್ದಲ. ಎಲ್‌ಪಿಗೆ ಬೇರೆ ಕಿರಿದಾದ ಹೆಡ್ ಇರೋ ನಾಲ್ಕು ಹೆಡ್‌ನ ಡೆಕ್ಕೊಂದು ಎರಡೂವರೆ ಸಾವಿರಕ್ಕೆ ಸಿಕ್ಕಿದೆ, ಅದರ ಟೆಸ್ಟ್ ಪಾಯಿಂಟ್ ಬೋರ್ಡಿನ ಅಡಿಭಾಗದಲ್ಲಿದೆ.