ಚಳಿಗಾಲದ ಸವಾರಿ ಮತ್ತು ಗೌರಿಯ ಕಂಬಳಿ ಜೂಲು

ಡಿಸೆಂಬರಿನ ಒಂದು ಬೆಳಗಿನ ಜಾವ, ಜೀನು ಹಾಕುವ ಮುಂಚೆ ನನ್ನ ಕುದುರೆ ಗೌರಿಯ ಸೊಂಟದ ಮೇಲೆ ಅಂಗೈ ಇಟ್ಟೆ. ಹಲಗೆ ಮುಟ್ಟಿದ ಹಾಗಿತ್ತು. ಸ್ವಲ್ಪ ಒತ್ತಿದೆ. ಬೆನ್ನು ತಗ್ಗಿಸಿ, ಕಿವಿ ಹಿಂದಕ್ಕೆ ಮಲಗಿಸಿದಳು. ಹಿಂದಿನ ದಿನದ ಸವಾರಿ ಹಗುರವಾಗಿಯೇ ಇತ್ತು. ಗಾಯ ಇಲ್ಲ, ಊತ ಇಲ್ಲ, ಜ್ವರವೂ ಇಲ್ಲ. ಚಳಿಗೆ ಬೆನ್ನು ಬಿಗಿದುಕೊಂಡಿತ್ತು. ಆವತ್ತು ಜೀನು ವಾಪಸ್ ಗೂಟಕ್ಕೆ ಹೋಯಿತು.

ಗೌರಿ ಕಾಠಿಯಾವಾಡಿ ತಳಿಯವಳು. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಭುಜದ ಹತ್ತಿರ 58 ಅಂಗುಲ ಎತ್ತರ, ವಯಸ್ಸು ಆಗ ಹದಿನಾರು. ಚರ್ಮ ತೆಳು, ಕೂದಲು ರೇಷ್ಮೆಯ ಹಾಗೆ ಗಿಡ್ಡ. ಸೌರಾಷ್ಟ್ರದ ಬಿಸಿಲಿಗೆ ಹೇಳಿ ಮಾಡಿಸಿದ ಮೈ ಅದು. ನಮ್ಮ ಬೀದರಿನ ಮಾಗಿ ಗಾಳಿಗೆ ಅಲ್ಲ.

ನಮ್ಮ ಹೊಲ ಅಷ್ಟೂರಿನ ಕಡೆ. ಬಹಮನಿ ಸುಲ್ತಾನರ ಗುಂಬಜ್‌ಗಳ ಮುಂದೆಯೇ ನಮ್ಮ ದಿನದ ಸವಾರಿ. ಊರು ಸುಮಾರು 700 ಮೀಟರ್ ಎತ್ತರದಲ್ಲಿದೆ, ಬಯಲು ಸೀಮೆ ಬೇರೆ, ಗಾಳಿಗೆ ಅಡ್ಡ ಅನ್ನುವುದು ಏನೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ನಮಗೆ ಹೊಸದಲ್ಲ. ಅದೇ ದಿನ ಮಧ್ಯಾಹ್ನ ಅಂಗಿ ಬಿಚ್ಚಿ ಕೂರುವಷ್ಟು ಬಿಸಿಲು. ಕುದುರೆಗೆ ಚಳಿಗಾಲದ ದಪ್ಪ ಕೂದಲು ಬರುವುದು ಮುಖ್ಯವಾಗಿ ಹಗಲು ಕಿರಿದಾಗುವುದರಿಂದ. ಇಂಗ್ಲೆಂಡಿನಲ್ಲಿ ಚಳಿಗಾಲದ ಹಗಲು ಎಂಟು ತಾಸಿಗೆ ಇಳಿಯುತ್ತದೆ. ನಮ್ಮಲ್ಲಿ ತೀರಾ ಚಿಕ್ಕ ಹಗಲು ಅಂದರೂ ಹನ್ನೊಂದು ತಾಸು. ಹಾಗಾಗಿ ಇಲ್ಲಿನ ಕುದುರೆ ಅಂಥ ಕೂದಲು ಬಿಡುವುದೇ ಇಲ್ಲ. ಅಲ್ಲಿಯವರು ದಪ್ಪ ಕೂದಲನ್ನು ಮಷಿನ್‌ನಿಂದ ಕತ್ತರಿಸಿ, ಆಮೇಲೆ ಸವಾರಿ ಮಾಡುವಾಗ ಸೊಂಟ ಮತ್ತು ಪಿರ್ರೆ ಮುಚ್ಚಲು ಒಂದು ಹೊದಿಕೆ ಹಾಕುತ್ತಾರೆ. ಅದಕ್ಕೆ ಎಕ್ಸರ್‌ಸೈಜ್ ಶೀಟ್ ಅಥವಾ ಕ್ವಾರ್ಟರ್ ಶೀಟ್ ಅನ್ನುತ್ತಾರೆ. ನಾನು ಜೂಲು ಅನ್ನುವುದು ಅಂಥ ಹೊದಿಕೆಗೇ. ನಮ್ಮ ಗೌರಿಗೆ ಕತ್ತರಿಸುವ ಕೆಲಸವೇ ಇಲ್ಲ, ಹುಟ್ಟಿದ್ದೇ ಕತ್ತರಿಸಿದ ಹಾಗೆ.

ಬೀದರಿಗೂ ಕುದುರೆಗೂ ಹಳೇ ನಂಟು. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದು ಗಂಡು ಕುದುರೆಯನ್ನು ಸಮುದ್ರ ದಾಟಿಸಿ ತಂದು, ಇದೇ ಬೀದರಿನಲ್ಲಿ ಮಾರಿದ. ನಮ್ಮ ಆಳಂದದ ಕುದುರೆ ಸಂತೆಯ ಬಗ್ಗೆಯೂ ಬರೆದಿದ್ದಾನೆ. ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರದ ಹತ್ತಿರ ಗೌರಿಯ ಲಾಳದ ಸದ್ದು ಕೇಳುವಾಗ ನನಗೆ ಅವನ ನೆನಪಾಗುತ್ತದೆ. ಈಗ ಊರಲ್ಲಿ ಉಳಿದಿರುವುದು ಮದುವೆ ಮೆರವಣಿಗೆಯ ಕುದುರೆಗಳು ಮತ್ತು ನಮ್ಮಂಥ ಒಬ್ಬಿಬ್ಬರ ಮನೆಯವು. ಹಾಗಾಗಿ ಜೂಲಿನ ವಿಷಯ ಕೇಳೋಣ ಅಂದರೆ ಜನ ಸಿಗುವುದಿಲ್ಲ.

ನನಗೆ ಸಿಕ್ಕವರು ಒಬ್ಬರು ಚಾಚಾ. ಜೀವನ ಪೂರ್ತಿ ಟಾಂಗಾ ಹೊಡೆದವರು. ಗೌರಿಯನ್ನು ನೋಡಲು ಬಂದವರು, ನನ್ನ ಮಾತು ಮುಗಿಯುವ ಮೊದಲೇ ಅವಳ ಸೊಂಟದ ಮೇಲೆ ಕೈ ಇಟ್ಟರು. ಆಮೇಲೆ ಕಿವಿಯ ಬುಡ ಮುಟ್ಟಿದರು. ಮತ್ತೆ ಸೊಂಟ.

"ತಮ್ಮಾ, ನಿನಗ ಥಂಡಿ ಹತ್ತೇದಂತ ಅಕಿಗಿ ಹೊದಸಬ್ಯಾಡ. ಅಕಿಗಿ ಹತ್ತೇದೇನು, ಕೈ ಹಚ್ಚಿ ನೋಡು."

ನಾನು ಈಗ ಬರೆಯುತ್ತಿರುವುದೆಲ್ಲ ಆ ಕೈ ಹಚ್ಚಿ ನೋಡುವ ಕೆಲಸದ ಬಗ್ಗೆಯೇ. ಸ್ವೆಟರ್ ಹಾಕಿಕೊಂಡು ನಡುಗುವವರು ನಾವು. ಕುದುರೆ ನಮಗಿಂತ ಚೆನ್ನಾಗಿ ಚಳಿ ತಡೆಯುತ್ತದೆ. ಹರೆಯದ, ಮೈತುಂಬಿದ ಕುದುರೆಗೆ 12 ಡಿಗ್ರಿಯಲ್ಲಿ ಜೂಲು ಬೇಕಿಲ್ಲ. ನಮ್ಮ ಬಾದಲ್ ಆರು ವರ್ಷದವನು. ಅವನಿಗೆ ಇಲ್ಲಿಯವರೆಗೆ ಹಾಕಿಲ್ಲ. ವಯಸ್ಸಾದವು, ತೆಳ್ಳಗಿನವು, ಬೆನ್ನು ಬಿಗಿಯುವ ಸ್ವಭಾವದವು, ಇವುಗಳಿಗೆ ಬೇಕು. ಗಾಳಿ ಮತ್ತು ಒದ್ದೆ ಎರಡೂ ಸೇರಿದ ದಿನ ಇನ್ನೂ ಜಾಸ್ತಿ ಬೇಕು. ಚಳಿಗೆ ಕೂದಲು ನೆಟ್ಟಗೆ ನಿಂತು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ, ಅದೇ ಕುದುರೆಯ ಸ್ವಂತ ಕಂಬಳಿ. ಇಬ್ಬನಿಗೆ ಕೂದಲು ಚಪ್ಪಟೆಯಾಗಿ ಅಂಟಿಕೊಂಡರೆ ಆ ಕಂಬಳಿ ಹೋಯಿತು.

ಪೇಟೆಯ ಶೀಟ್ ತರಿಸಬಹುದಿತ್ತು. ಆದರೆ ಅಳತೆಗಳೆಲ್ಲ ದೊಡ್ಡ ಕುದುರೆಯವು. ಗೌರಿಯ ಮೇಲೆ ಮೊಣಕಾಲಿನವರೆಗೂ ಜೋಲುತ್ತಿದ್ದವು. ಸಂತೆಯಲ್ಲಿ ಕುರುಬರ ಕರಿ ಕಂಬಳಿ ಕೊಂಡೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ನಿಜ. ಆದರೆ ಉಣ್ಣೆಗೆ ಒಂದು ಗುಣ ಇದೆ. ಬೆವರಿನ ತೇವ ಹೀರಿಕೊಂಡ ಮೇಲೂ ಮೈ ಬೆಚ್ಚಗಿಡುತ್ತದೆ. ಹತ್ತಿಯ ಬೆಡ್‌ಶೀಟ್ ಒದ್ದೆಯಾದರೆ ತಣ್ಣೀರು ಬಟ್ಟೆ ಹೊದಿಸಿದ ಹಾಗೆ. ಪ್ಲಾಸ್ಟಿಕ್ ತಾಡಪತ್ರಿಯಂತೂ ಬೇಡವೇ ಬೇಡ, ಒಳಗೆ ಮೈ ಬೇಯುತ್ತದೆ.

ಅಳತೆ ಹೀಗೆ ತೆಗೆದೆ. ಭುಜದ ಮೇಲಿನ ಉಬ್ಬಿನಿಂದ ಬಾಲದ ಬುಡದವರೆಗೆ ದಾರ ಹಿಡಿದರೆ 47 ಅಂಗುಲ ಬಂತು. ಬೆನ್ನಿನ ನಡುವಿನಿಂದ ಪಕ್ಕೆಯ ಕೆಳಗಿನವರೆಗೆ ಒಂದೊಂದು ಬದಿಗೆ 26. ಅದಕ್ಕಿಂತ ಉದ್ದ ಇಳಿದರೆ ನಡೆಯುವಾಗ ಹಿಂಗಾಲಿಗೆ ಹೊಡೆಯುತ್ತದೆ. ಪಿರ್ರೆಯ ಉಬ್ಬಿನ ಮೇಲೆ ಎರಡು ಕಡೆ ಸಣ್ಣ ಮಡಿಕೆ ಹಿಡಿದು ಹೊಲಿಸಿದೆ, ಇಲ್ಲದಿದ್ದರೆ ಬಟ್ಟೆ ಡೇರೆಯ ಹಾಗೆ ನಿಂತು ಒಳಗೆ ಗಾಳಿ ನುಗ್ಗುತ್ತದೆ. ಜೀನಿನ ಕೆಳಗೆ ಬರುವ ಭಾಗಕ್ಕೆ ಅಮ್ಮನ ಹಳೇ ಹತ್ತಿ ಸೀರೆಯ ಅಸ್ತರಿ. ತೆಳು ಚರ್ಮಕ್ಕೆ ಒರಟು ಉಣ್ಣೆ ಉಜ್ಜಿದರೆ ಒಂದೇ ವಾರದಲ್ಲಿ ಕೂದಲು ಉದುರುತ್ತದೆ. ಹೊಲಿಗೆಯ ಗಂಟುಗಳೆಲ್ಲ ಹೊರಗೆ ಇರಲಿ. ನಮ್ಮ ಟೇಲರ್ ಇದನ್ನು ಎರಡು ಸಲ ಬಿಚ್ಚಿ ಹೊಲಿದುಕೊಟ್ಟರು, ಬೇಸರ ಮಾಡಿಕೊಳ್ಳಲಿಲ್ಲ.

ಹಾಕುವ ಕ್ರಮಕ್ಕೆ ಬರುತ್ತೇನೆ. ಮೊದಲು ಖರಾರ ಮಾಡಿ, ಅಂದರೆ ಬ್ರಷ್‌ನಿಂದ ಮೈ ತಿಕ್ಕಿ, ಬೆನ್ನಿನ ಧೂಳು, ಹುಲ್ಲಿನ ಚೂರು ತೆಗೆಯಬೇಕು. ಜೀನಿನ ಮೆತ್ತೆ ಇಡಬೇಕು. ಅದರ ಮೇಲೆ ಜೂಲನ್ನು ಬೇಕಾದ್ದಕ್ಕಿಂತ ಸ್ವಲ್ಪ ಮುಂದಕ್ಕೆ ಹಾಕಿ, ಹಿಂದಕ್ಕೆ ಎಳೆಯಬೇಕು. ಕೂದಲು ಮಲಗುವ ದಿಕ್ಕು ಅದು. ಹಿಂದಿನಿಂದ ಮುಂದಕ್ಕೆ ಎಳೆದರೆ ಕೂದಲು ಎದುರು ನಿಂತು ಚುಚ್ಚುತ್ತದೆ. ಜೀನು ಇಟ್ಟ ಮೇಲೆ, ಹೊಟ್ಟೆಪಟ್ಟಿ ಬಿಗಿಯುವ ಮೊದಲು, ಭುಜದ ಉಬ್ಬಿನ ಹತ್ತಿರ ಮೆತ್ತೆಯನ್ನೂ ಜೂಲನ್ನೂ ಒಟ್ಟಿಗೆ ಬೆರಳಿನಿಂದ ಮೇಲಕ್ಕೆ ಎತ್ತಿ ಜೀನಿನ ಸಂದಿಗೆ ಸೇರಿಸುತ್ತೇನೆ. ಬಟ್ಟೆ ಅಲ್ಲಿ ಬಿಗಿಯಾಗಿ ಕೂತರೆ ಒಂದು ತಾಸಿನಲ್ಲಿ ಮೂಳೆಯ ಮೇಲೆ ಹುಣ್ಣು ಶುರುವಾಗುತ್ತದೆ. ಮುಂದಿನ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಂದಕ್ಕೆ ಮಡಚಿ, ಜೀನಿನ ಅಂಚಿನೊಳಗೆ ಸಿಕ್ಕಿಸಿ, ಆಮೇಲೆ ಪಟ್ಟಿ ಬಿಗಿಯುವುದು. ನನ್ನ ಕಾಲಿಗೂ ಅವಳ ಪಕ್ಕೆಗೂ ನಡುವೆ ಬಟ್ಟೆ ಬರಬಾರದು. ಕಾಲಿನ ಮಾತು ಅವಳಿಗೆ ಕೇಳಬೇಕಲ್ವಾ?

ಬಾಲದ ದಾರದ ವಿಷಯವನ್ನು ನಾನು ಕಷ್ಟಪಟ್ಟು ಕಲಿತೆ. ಪೇಟೆಯ ಶೀಟ್‌ಗಳಲ್ಲಿ ಹಿಂದಿನ ಎರಡು ಮೂಲೆಗಳನ್ನು ಸೇರಿಸುವ ಒಂದು ಹೆಣೆದ ದಾರ ಇರುತ್ತದೆ, ಅದು ಬಾಲದ ಕೆಳಗೆ ಬರುತ್ತದೆ. ನಾನು ಅದನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಟ್ಟಿದ್ದೆ. ಮೂರನೇ ದಿನ ರಸ್ತೆ ಪಕ್ಕ ಹೋಗುವಾಗ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಜೋರಾಗಿ ಹಾಡು ಹಾಕಿಕೊಂಡು ದಾಟಿತು. ಅದರ ಗಾಳಿಗೆ ಜೂಲು ಹಿಂದಿನಿಂದ ಎದ್ದು ಗೌರಿಯ ಬೆನ್ನಿನ ಮೇಲೆ ಮಗುಚಿ ಬಿತ್ತು. ಹುಲಿ ಹಾರಿತು ಅಂದುಕೊಂಡಳೋ ಏನೋ. ಬದುವಿನ ಮೇಲಿಂದ ತೊಗರಿ ಹೊಲಕ್ಕೆ ಒಂದೇ ನೆಗೆತ. ನಾನು ಕೆಳಗೆ ಬಿದ್ದೆ. ಅವಳು ಐವತ್ತು ಹೆಜ್ಜೆ ಓಡಿ ನಿಂತಳು. ಹತ್ತಿರ ಹೋದಾಗ ಅವಳ ಮೂಗಿನ ಹೊಳ್ಳೆ ಅರಳಿ ಒಳಗಿನ ಕೆಂಪು ಕಾಣುತ್ತಿತ್ತು, ಮುಂಗಾಲು ಸಣ್ಣಗೆ ನಡುಗುತ್ತಿತ್ತು. ಕುತ್ತಿಗೆಗೆ ಹಣೆ ಇಟ್ಟು ಬಹಳ ಹೊತ್ತು ನಿಂತಿದ್ದೆ. ಅವಳ ಭಯಕ್ಕೆ ಕಾರಣ ನಾನೇ.

ಅದೇ ಸಂಜೆ ಹತ್ತಿ ನೂಲಿನ ಜಡೆ ಹೆಣೆದು ಕಟ್ಟಿದೆ. ಅಂಗೈ ಸಲೀಸಾಗಿ ತೂರುವಷ್ಟು ಸಡಿಲ ಇರಬೇಕು. ಮೊದಲ ಸಲ ದಾರ ತಾಗಿದಾಗ ಗೌರಿ ಬಾಲವನ್ನು ಒಳಕ್ಕೆ ಒತ್ತಿ ಹಿಡಿದುಕೊಂಡಳು. ಬಾಲ ಒತ್ತಿಕೊಂಡಿರುವ ಕುದುರೆಯ ಮೇಲೆ ಹತ್ತಬೇಡಿ. ಲಾಯದ ಅಂಗಳದಲ್ಲೇ ನಾಲ್ಕು ದಿನ ಕೈಯಲ್ಲಿ ಹಿಡಿದು ನಡೆಸಿದೆ. ಮೊದಲು ಜೂಲನ್ನು ಮೂಸಲು ಕೊಟ್ಟೆ, ಮಡಚಿ ಬೆನ್ನಿಗೆ ಉಜ್ಜಿದೆ, ನಿಧಾನಕ್ಕೆ ಬಿಡಿಸಿದೆ. ಬೇಕೆಂದೇ ಅಂಚು ಹಿಡಿದು ಪಟಪಟ ಅನಿಸಿದೆ. ಬಾದಲ್ ಪಕ್ಕದಲ್ಲಿ ಸುಮ್ನೆ ಕಣಿಕೆ ಮೆಲ್ಲುತ್ತ ನಿಂತಿದ್ದ, ಅವನನ್ನು ನೋಡಿ ಇವಳಿಗೂ ಧೈರ್ಯ. ಐದನೇ ದಿನ ಬಾಲ ಸಡಿಲ ಬಿಟ್ಟು ತೂಗಾಡಿಸುತ್ತ ನಡೆದಳು. ಈ ನಾಲ್ಕು ದಿನಗಳನ್ನು ಮೊದಲೇ ಕೊಟ್ಟಿದ್ದರೆ ತೊಗರಿ ಹೊಲದ ಕಥೆ ಇರುತ್ತಿರಲಿಲ್ಲ. ಜೂಲಿನ ಹಿಂಬದಿಗೆ ಹೊಳೆಯುವ ಪಟ್ಟಿಯನ್ನೂ ಹೊಲಿಸಿದೆ. ಕರಿ ಕಂಬಳಿ, ಮಂಜು, ಕಬ್ಬಿನ ಗಾಡಿ, ಮೂರೂ ಸೇರಿದರೆ ಡ್ರೈವರ್ ಕಣ್ಣಿಗೆ ನಾವು ಬೀಳುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಜೂಲು ತೆಗೆಯುವುದು. ಹಾಕಿದ್ದೇವಲ್ಲ, ಇರಲಿ ಬಿಡು ಅಂತ ಇಡೀ ಸವಾರಿ ಬಿಡುವವರನ್ನು ನೋಡಿದ್ದೇನೆ. ನಾನೂ ಮೊದಲ ವಾರ ಹಾಗೇ ಮಾಡಿದೆ. ದುಲಕಿ (ಟ್ರಾಟ್) ಓಡಿಸಿ ಬಂದು ಜೂಲು ಎತ್ತಿದರೆ ಒಳಗೆ ಹಬೆ. ಸೊಂಟ ತೊಪ್ಪೆಯಾಗಿತ್ತು. ಜೀನು ಇಳಿಸಿದ ಐದು ನಿಮಿಷಕ್ಕೆ ಗಾಳಿ ಬಡಿದು ಮೈ ತಣ್ಣಗಾಯಿತು. ಯಾವ ಬಿಗಿತ ತಪ್ಪಿಸಲು ಇಷ್ಟೆಲ್ಲ ಮಾಡಿದೆನೋ ಅದೇ ಬಿಗಿತ ಮರುದಿನ ಕಾದಿತ್ತು.

ಈಗ ನನ್ನ ಪದ್ಧತಿ ಬೇರೆ. ಜೂಲು ಇರುವುದು ನಡಿಗೆಗೆ. ಮೊದಲ ಹದಿನೈದು ನಿಮಿಷ ಬರೀ ನಡಿಗೆ, ಲಗಾಮು ಸಡಿಲ, ಕುತ್ತಿಗೆ ಚಾಚಲಿ. ಚಳಿಯಲ್ಲಿ ಸ್ನಾಯುಗಳಿಗೆ ರಕ್ತ ಹರಿಯಲು ಹೊತ್ತು ಬೇಕು, ಹಿಂಗಾಲು ಒತ್ತುವ ಶಕ್ತಿಯೆಲ್ಲ ಸೊಂಟ ದಾಟಿಯೇ ಮುಂದೆ ಬರಬೇಕು. ಆಮೇಲೆ ಜೀನಿನ ಮೇಲೇ ಕೂತು ಹಿಂದಕ್ಕೆ ಕೈ ಚಾಚಿ ಜೂಲಿನ ಕೆಳಗೆ ತೂರಿಸುತ್ತೇನೆ. ಬೆಚ್ಚಗೆ ಒಣಗಿದ್ದರೆ ಇನ್ನೈದು ನಿಮಿಷ ನಡೆಸಬಹುದು. ತೇವದ ಸುಳಿವು ಸಿಕ್ಕರೆ ತಕ್ಷಣ ತೆಗೆಯಬೇಕು. ಗುಂಬಜ್‌ಗಳ ಹತ್ತಿರ ಇಳಿದು, ಹೊಟ್ಟೆಪಟ್ಟಿ ಸಡಿಲಿಸಿ, ಜೂಲು ಎಳೆದು ಸುತ್ತಿ ಜೀನಿನ ಹಿಂದೆ ಕಟ್ಟುತ್ತೇನೆ. ಎರಡನೇ ವರ್ಷ ಇನ್ನೊಂದು ಹೊಲಿಸಿದೆ. ಅದು ಜೀನಿನ ಹಿಂದಿನಿಂದ ಸುತ್ತಿ ಬಂದು ನನ್ನ ತೊಡೆಯ ಮೇಲೆ ವೆಲ್ಕ್ರೋದಿಂದ ಕೂಡುತ್ತದೆ. ಕೂತಲ್ಲಿಂದಲೇ ಬಿಚ್ಚಬಹುದು. ಅದಕ್ಕೆ ಗುಂಡಿ, ಬಕಲ್ ಬೇಡ. ಬಿದ್ದರೆ ತಾನೇ ಬಿಚ್ಚಿಕೊಳ್ಳಬೇಕು, ಸವಾರನನ್ನು ಎಳೆದುಕೊಂಡು ಹೋಗಬಾರದು.

ಇನ್ನೊಂದು ಎಚ್ಚರಿಕೆ. ಹದಿನೈದು ನಿಮಿಷದ ನಡಿಗೆಯ ನಂತರವೂ ಕುದುರೆ ಹೆಜ್ಜೆ ಇಡಲು ಒಲ್ಲೆ ಅಂದರೆ, ಪಿರ್ರೆಯ ಸ್ನಾಯು ಕಲ್ಲಿನ ಹಾಗಿದ್ದರೆ, ಸುಮ್ನೆ ಬೆವರುತ್ತಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಅದು ಚಳಿಯ ಬಿಗಿತ ಅಲ್ಲ. ಸ್ನಾಯುವೇ ಹಾಳಾಗುತ್ತಿರುತ್ತದೆ. ಅಲ್ಲೇ ನಿಲ್ಲಿಸಿ, ಮೈ ಮುಚ್ಚಿ, ಪಶುವೈದ್ಯರನ್ನು ಅಲ್ಲಿಗೇ ಕರೆಸಬೇಕು. ನಡೆಸಿಕೊಂಡು ಮನೆಗೆ ತರಲು ಹೋಗಬೇಡಿ.

ವಾಪಸ್ ಬರುವಾಗ ಕೊನೆಯ ಹತ್ತು ನಿಮಿಷ ಮತ್ತೆ ನಡಿಗೆ. ಲಾಯಕ್ಕೆ ಬಂದ ಮೇಲೆ ಗೋಣಿತಟ್ಟಿನಿಂದ ಮೈ ಉಜ್ಜುತ್ತೇನೆ. ಸೊಂಟ ಇನ್ನೂ ತೇವ ಇದ್ದರೆ ಒಂದು ಹಳೇ ಉಪಾಯ ಇದೆ. ಬೆನ್ನಿನ ಮೇಲೆ ಒಣಹುಲ್ಲು ಹರಡಿ ಅದರ ಮೇಲೆ ಕಂಬಳಿ ಹಾಕುವುದು. ಹುಲ್ಲಿನ ಸಂದಿಯಲ್ಲಿ ಗಾಳಿ ಆಡಿ ತೇವ ಮೇಲಕ್ಕೆ ಹೋಗುತ್ತದೆ, ಮೈಗೆ ಥಂಡಿ ತಾಗುವುದಿಲ್ಲ. ಅರ್ಧ ತಾಸಿನಲ್ಲಿ ಕೂದಲು ಒಣಗಿ, ಕಂಬಳಿಯ ಮೇಲ್ಮೈಯಲ್ಲಿ ಹನಿಗಳು ಮಣಿಯ ಹಾಗೆ ಕೂತಿರುತ್ತವೆ. ನೋಡಲು ನನಗೆ ಬಹಳ ಇಷ್ಟ. ಕುಡಿಯಲು ಉಗುರು ಬೆಚ್ಚಗಿನ ನೀರು ಕೊಡುತ್ತೇನೆ. ಚಳಿಯಲ್ಲಿ ಕುದುರೆ ನೀರು ಕಮ್ಮಿ ಕುಡಿಯುತ್ತದೆ, ಹೊಟ್ಟೆಯಲ್ಲಿ ಮೇವು ಗಟ್ಟಿಯಾಗಿ ಹೊಟ್ಟೆನೋವು ಬರುವ ಅಪಾಯ ಇರುತ್ತದೆ. ರಾತ್ರಿ ಹುರುಳಿ ಜಾಸ್ತಿ ಮಾಡುವುದಿಲ್ಲ, ಕಣಿಕೆ ಮತ್ತು ಒಣಹುಲ್ಲು ಜಾಸ್ತಿ ಮಾಡುತ್ತೇನೆ. ನಾರಿನ ಮೇವು ದೊಡ್ಡ ಕರುಳಿನಲ್ಲಿ ನಿಧಾನಕ್ಕೆ ಹುಳಿಯುವಾಗ ಒಳಗಿನಿಂದಲೇ ಮೈ ಕಾಯುತ್ತದೆ.

ಜೂಲನ್ನು ದಿನಾ ಕೊಡವಿ ಬಿಸಿಲಿಗೆ ಹಾಕುತ್ತೇನೆ. ಬಿಸಿನೀರಿಗೆ ಹಾಕಿದರೆ ಕಂಬಳಿ ಕುಗ್ಗುತ್ತದೆ. ಒಂದು ಕುದುರೆಯದನ್ನು ಇನ್ನೊಂದಕ್ಕೆ ಹಾಕುವುದಿಲ್ಲ, ಹುಳುಕಡ್ಡಿ ಹಾಗೇ ದಾಟುವುದು.

ಕಳೆದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೊರಟಾಗ ಗೌರಿಯನ್ನೂ ಕರೆದುಕೊಂಡು ಹೋದೆ. ಬೆಳಿಗ್ಗೆ ಗಾಳಿ ಜೋರಾಗಿತ್ತು. ಚಾಚಾ ಕೂಡ ಭಜ್ಜಿ, ಅಂಬಲಿ ಊಟಕ್ಕೆ ಬಂದಿದ್ದರು. ನನ್ನ ಕಡೆ ನೋಡಲಿಲ್ಲ, ನೇರ ಅವಳ ಹತ್ತಿರ ಹೋಗಿ ಜೂಲಿನೊಳಗೆ ಕೈ ತೂರಿಸಿದರು. ಒತ್ತಿದರು. ಗೌರಿ ಕದಲಲಿಲ್ಲ, ಕಿವಿ ಮುಂದಕ್ಕೇ ಇದ್ದವು, ಕೆಳತುಟಿ ಜೋತುಬಿದ್ದಿತ್ತು.

"ಈಗ ತೆಗಿ ತಮ್ಮಾ, ಬೆಚ್ಚಗ ಆಗ್ಯಾಳ," ಅಂದರು.