ಮಗುವಿಗೆ ಅರ್ಥವಾಗುವ ಪ್ರಶ್ನೆ: ಇಂಗ್ಲಿಷಿನಿಂದ ಕೊರಿಯನ್‌ಗೆ ತರುವುದು ಹೇಗೆ?

ಸ್ಪೈನಾ ಬೈಫಿಡಾ ಇರುವ ಮಗುವಿನ ಬೆನ್ನುಹುರಿ ಗರ್ಭದಲ್ಲೇ ಸರಿಯಾಗಿ ಮುಚ್ಚಿಕೊಂಡಿರುವುದಿಲ್ಲ. ಹಲವರಿಗೆ ಕಾಲಿಗೆ ಬಲ ಸಾಲದು, ಮೂತ್ರ ಮತ್ತು ಮಲದ ಮೇಲೆ ಹಿಡಿತ ಇರದು. ಎಷ್ಟೋ ಮಕ್ಕಳು ಮೂರು ನಾಲ್ಕು ಗಂಟೆಗೊಮ್ಮೆ ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯಬೇಕು. ಕಿಡ್ನಿ ಹೇಗಿದೆ ಎಂದು ಸ್ಕ್ಯಾನ್ ಹೇಳುತ್ತದೆ. ಬದುಕು ಹೇಗಿದೆ ಎಂದು ಮಗುವನ್ನೇ ಕೇಳಬೇಕು, ಅಲ್ವಾ?

ಹಾಗೆ ಕೇಳಲು ಅಮೆರಿಕದಲ್ಲಿ ಕ್ವಾಲಾಸ್-ಸಿ ಎಂಬ ಪ್ರಶ್ನಾವಳಿ ಮಾಡಿದ್ದಾರೆ. 8ರಿಂದ 12 ವರ್ಷದವರಿಗೆ, ಬರೀ 10 ಪ್ರಶ್ನೆ. ಇಂಥದ್ದನ್ನು ಕೊರಿಯಾದ ಮಕ್ಕಳಿಗೆ ಒಗ್ಗಿಸುವ ಕೆಲಸ ಹೀಗೆ ಸಾಗುತ್ತದೆ.

ಅನುಮತಿ, ಅನುವಾದ

ಮೊದಲು ಪ್ರಶ್ನಾವಳಿ ಮಾಡಿದವರ ಒಪ್ಪಿಗೆ ಪಡೆಯಿರಿ. ಆಮೇಲೆ ಕೊರಿಯನ್ ಮನೆಮಾತಿನ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಲಿ. ಎರಡನ್ನೂ ಎದುರಿಗಿಟ್ಟು ಒಂದು ಮಾಡಿ.

'ಯೂ' ಎಂಬ ಪದದಲ್ಲೇ ತೊಡಕು ಶುರು. ಕೊರಿಯನ್‌ನಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರ ಮೇಲೆ ಕ್ರಿಯಾಪದವೇ ಬದಲಾಗುತ್ತದೆ. ನಮ್ಮ ನೀನು-ನೀವುಗಿಂತಲೂ ಸೂಕ್ಷ್ಮ. 'ನಾನು' ಎಂದು ಮಗುವೇ ಹೇಳುವಂತೆ ವಾಕ್ಯ ಬರೆದರೆ ಸಲೀಸು. 'ಮೈ ಮದರ್' ಎಂಬುದೂ 'ಉರಿ ಒಮ್ಮಾ', ಅಂದರೆ 'ನಮ್ಮಮ್ಮ' ಆಗಬೇಕು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿರುಗಿ ಇಂಗ್ಲಿಷಿಗೆ

ಮೂಲವನ್ನು ನೋಡಿರದ ಒಬ್ಬರು ಕೊರಿಯನ್ ಪ್ರತಿಯನ್ನು ಮತ್ತೆ ಇಂಗ್ಲಿಷಿಗೆ ತರಲಿ. ಅರ್ಥ ಎಲ್ಲಿ ಜಾರಿದೆ ಎಂದು ಗೊತ್ತಾಗುತ್ತದೆ. ಆದರೆ ಇದನ್ನೇ ನೆಚ್ಚಿಕೊಳ್ಳಬೇಡಿ. ನಳಿಕೆ ಹಾಕುವುದಕ್ಕೆ ಕೊರಿಯನ್ ವೈದ್ಯರ ಪದ 'ದೊನ್ಯೊ'. ಅದು ಇಂಗ್ಲಿಷಿಗೆ ಅಚ್ಚುಕಟ್ಟಾಗಿ ಮರಳುತ್ತದೆ. ಎಂಟು ವರ್ಷದ ಮಗುವಿಗೆ ಮಾತ್ರ ಅದು ಗೊತ್ತಿಲ್ಲದಿರಬಹುದು. ಮನೆಯಲ್ಲಿ ನಳಿಕೆಯ ಹೆಸರನ್ನೇ ಹಿಡಿದು 'ನೆಲ್ಲಾಟೊನ್' ಎನ್ನುವವರಿದ್ದಾರೆ. ಇಂಥ ತಪ್ಪನ್ನು ಹಿಡಿಯುವುದು ಮಕ್ಕಳೇ.

ಮಕ್ಕಳ ಜೊತೆ ಕೂರುವುದು

ವೈದ್ಯರು, ನರ್ಸ್, ಭಾಷೆ ಬಲ್ಲವರು ಸೇರಿ ಕರಡು ನೋಡಿದ ಮೇಲೆ ಮಕ್ಕಳ ಬಳಿ ಹೋಗಿ. ಇಲ್ಲಿ ಅವಸರ ಬೇಡ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದೇ ಇಲ್ಲಿ.

ವಯಸ್ಸು ಕೇಳಬೇಡಿ, ಹುಟ್ಟಿದ ತಾರೀಕು ಕೇಳಿ. ಕೊರಿಯಾದ ಹಳೆಯ ಲೆಕ್ಕದಲ್ಲಿ ಹುಟ್ಟಿದಾಗಲೇ ಒಂದು ವರ್ಷ, ಪ್ರತಿ ಜನವರಿ 1ಕ್ಕೆ ಇನ್ನೊಂದು. 2023ರ ಜೂನ್‌ನಲ್ಲಿ ಕಾನೂನು ಬದಲಾದರೂ ಮನೆಮಾತಿನ ರೂಢಿ ಅಷ್ಟು ಬೇಗ ಹೋಗುವುದಿಲ್ಲ.

ಒಂದೊಂದು ಪ್ರಶ್ನೆ ಓದಿಸಿ, 'ಇದು ಏನು ಕೇಳ್ತಿದೆ? ನಿನ್ನ ಮಾತಲ್ಲಿ ಹೇಳು' ಎನ್ನಿ. ಸರಾಗವಾಗಿ ಓದಿದ ಮಾತ್ರಕ್ಕೆ ಅರ್ಥವಾಯಿತು ಎಂದುಕೊಳ್ಳಬೇಡಿ. ಈ ಮಕ್ಕಳಲ್ಲಿ ಬಹಳ ಜನರಿಗೆ ಮಿದುಳಿನಲ್ಲಿ ನೀರು ತುಂಬುವ ತೊಂದರೆಯೂ ಇರುತ್ತದೆ. ಅಂಥವರು ಪದಗಳನ್ನು ಚೆನ್ನಾಗಿ ಓದಿಯೂ ಅರ್ಥ ಹಿಡಿಯಲು ಕಷ್ಟಪಡುವುದುಂಟು. ಮೂತ್ರಕ್ಕೆ ಯಾವ ಪದ ಬಳಸಬೇಕು ಎಂದೂ ಅವರನ್ನೇ ಕೇಳಿ. ಪುಟ್ಟ ಮಕ್ಕಳ ಮಾತು ಬಳಸಿದರೆ ಹನ್ನೆರಡರ ಹುಡುಗಿಗೆ ಮುಜುಗರ. ಆಸ್ಪತ್ರೆಯ ಪದ ಹಾಕಿದರೆ ಎಂಟರ ಹುಡುಗನಿಗೆ ದೂರ.

ಶಾಲೆಯ ಪ್ರಶ್ನೆ ಬಂದರೆ ಅಲ್ಲಿನ ದಿನವನ್ನು ನೆನಪಿಡಿ. ಕೊರಿಯಾದ ಪ್ರಾಥಮಿಕ ಶಾಲೆಯಲ್ಲಿ 40 ನಿಮಿಷದ ಪಾಠ, 10 ನಿಮಿಷದ ಬಿಡುವು. ಆ ಹತ್ತು ನಿಮಿಷದಲ್ಲಿ ಶೌಚಾಲಯ ತಲುಪಿ, ಕೈ ತೊಳೆದು, ನಳಿಕೆ ಹಾಕಿ, ಗೆಳೆಯರಿಗೆ ಗೊತ್ತಾಗದಂತೆ ವಾಪಸ್ ಬರಬೇಕು. 'ತೊಂದರೆ ಆಗುತ್ತಾ?' ಎಂದಾಗ ಮಗುವಿನ ಕಣ್ಣ ಮುಂದೆ ಬರುವುದು ಈ ಓಟ.

ಅಪ್ಪ ಅಮ್ಮ ಪಕ್ಕದಲ್ಲಿ ಕೂರದಿರಲಿ. ಕೂತರೆ ಮಗು ಉತ್ತರಕ್ಕೆ ಅವರ ಮುಖ ನೋಡುತ್ತದೆ. ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನೂ ಗುರುತು ಹಾಕಿಕೊಳ್ಳಿ. ನಾಚಿಕೆಯಿಂದ ಬಿಟ್ಟಿರಬಹುದು.

ಕೊನೆಗೆ ಲೆಕ್ಕ

ಪದಗಳು ಗಟ್ಟಿಯಾದ ಮೇಲೆ ಜಾಸ್ತಿ ಮಕ್ಕಳಿಂದ ತುಂಬಿಸಿ, ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡುತ್ತಾರೆ. ಈ ಹೊಂದಿಕೆಯನ್ನು 0ರಿಂದ 1ರವರೆಗಿನ ಅಂಕದಲ್ಲಿ ಅಳೆಯುತ್ತಾರೆ, ಅದು ಸಾಮಾನ್ಯವಾಗಿ 0.70 ದಾಟಬೇಕು. ಸುಮಾರು ಎರಡು ವಾರ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಕೊಡುತ್ತಾರೆ. ಬದುಕು ಬದಲಾಗದಿದ್ದರೆ ಉತ್ತರವೂ ಹೆಚ್ಚು ಕಡಿಮೆ ಅದೇ ಇರಬೇಕು. ಆದ್ದರಿಂದ ಎರಡನೇ ಸಲ ಪ್ರಶ್ನಾವಳಿ ಕೊಡುವ ಮೊದಲು, ನಡುವೆ ಜ್ವರ, ಮೂತ್ರದ ಸೋಂಕು ಅಥವಾ ಆಪರೇಷನ್ ಏನಾದರೂ ಆಯಿತೇ ಎಂದು ಕೇಳಿ. ಆಗಿದ್ದರೆ ಆ ಮಗುವಿನ ಉತ್ತರವನ್ನು ಈ ಹೋಲಿಕೆಗೆ ಸೇರಿಸಬೇಡಿ.